ತಣ್ಣನ ಪ್ಲಗ್

ಐತವಾರ, ಫೌಂಡ್ರಿ ಬಂದ್, ಉದ್ಯಮಬಾಗದಾಗ ನಾಯಿಗಳಷ್ಟೇ ಎದ್ದಿದ್ದವು.
ಹಲ್ಲಿನ ಡಾಕ್ಟರು ವೈಜಯಂತಿ ಹುದ್ದಾರ
ಇಪ್ಪತ್ತೇಳು ವರ್ಷದ ಎಸ್ಟೀಮ್ ತಂದು ಶೆಡ್ಡಿನ ಮುಂದ ನಿಲ್ಲಿಸಿದರು.
ಡಿಕ್ಕಿಯೊಳಗ ನೀಲಿ ಬಾಟಲಿ,
ಎರಡು ಪಟ್ಟಿ ಕಟ್ಟಿ ಕೂಸಿನ್ಹಂಗ ಮಲಗಿಸಿದ್ದರು.

‘ನೈಟ್ರಸ್, ಮಕ್ತುಮ್.
ಎಂಬತ್ತೈದು ಕುದುರಿಗೆ ಇನ್ನೂ ಮೂವತ್ತೈದು.
ಪ್ಲಗ್ ನಾನೇ ತಂದೀನಿ’ ಅಂದರು.
ಇರಿಡಿಯಮ್. ಒಂದಕ್ಕ ಎಂಟು ನೂರು.
ತುದಿ ನೋಡಿದರ ಹೊಲಿಗಿ ಸೂಜಿ.

ಇದೇ ಗ್ಯಾಸು ಮೂಗಿಗೆ ಹಿಡಿದು
ನನ್ನ ದವಡಿ ಹಲ್ಲು ಕಿತ್ತಿದ್ದರು ಹೋದ ವರ್ಷ;
ಹಲ್ಲು ತಟ್ಟಿಯೊಳಗ ಬಿದ್ದ ಮ್ಯಾಲೂ ನಾ ನಗತಿದ್ದೆನಂತ.
ಎಂಜಿನ್ ಹಂಗ ನಗಂಗಿಲ್ರಿ ಡಾಕ್ಟರ.
ಗ್ಯಾಸು ತಾ ಉರಿಯಂಗಿಲ್ಲ,
ಉರಿಯೂದಕ್ಕ ಉಸಿರು ಕೊಡತೈತಿ.
ಆ ಬೆಂಕ್ಯಾಗ ಈ ಸೂಜಿ ಕೆಂಪಗಾತು ಅಂದರ
ಕಿಡಿ ಬರೂತನಕ ಯಾರು ಕಾಯತಾರ?
ಮಾತು ಮುಗಿಯೂಕಿಂತ ಮೊದಲೇ ಕೈ ಎತ್ತೂ ಮನಿಶ್ಯಾನಂಗ
ಪಿಸ್ಟನ್ ಇನ್ನೂ ಮ್ಯಾಲೆ ಬರೂದ್ರಾಗ ಹೊತ್ತತೈತಿ.

ಮೇಜಿನ ಮ್ಯಾಲಿನ ಪಿಸ್ಟನ್ ತೋರಿಸಿದೆ.
ನಟ್ಟನಡುವ ತೂತು, ತೂತಿನ್ಯಾಗ ನನ್ನ ಪೆನ್ಸಿಲ್ಲು.
ಕೊರದದ್ದಲ್ಲ. ಕರಗಿದ್ದು.
ಖಾನಾಪುರದ ಸಾ ಮಿಲ್ಲಿನ ಹುಡುಗನ ಗಾಡಿ,
‘ಹಳೇ ಪ್ಲಗ್ ಸಾಕು’ ಅಂದಾಂವ ನಾನೇ.
ಹದಿನಾರು ತಿಂಗಳು ಕಂತು ಕಟ್ಟಿದಾಂವನೂ ನಾನೇ.

ತಣ್ಣನ ಪ್ಲಗ್ ಅಂದರ
ಅದಕ್ಕ ಬೆಂಕಿ ಕಡಿಮಿ ಅಂತಲ್ಲ.
ಅದೇ ಬೆಂಕಿ, ಅದೇ ಬಾಯಿ.
ಬಿಳಿ ಮೂಗು ಗಿಡ್ಡ ಇರತೈತಿ, ಅಷ್ಟೇ.
ಬಂದ ಕಾವು ಇಟಗೊಂಡು ಕೂಡಂಗಿಲ್ಲ,
ಹೆಡ್ಡಿಗೆ ಕೊಟ್ಟು, ನೀರಿಗೆ ಕೊಟ್ಟು, ಗಾಳಿಗೆ ಬಿಟ್ಟು
ಮುಂದಿನ ಹೊಡತಕ್ಕ ಬರಿಗೈಲೆ ನಿಂದರತೈತಿ.
ಆದರ ಒಂದೇ ಮೆಟ್ಟಲ.
ಮೂರು ಮೆಟ್ಟಲ ಇಳದರ, ಮೂರನೇ ಗೇಟಿನ್ಯಾಗ
ಮಿರಜ್ ಗಾಡಿ ಹೋಗೂತನಕ ಕಾಯೂದ್ರಾಗ
ಮಸಿ ಹಿಡಿದು ಕೆಮ್ಮತೈತಿ.
ಅಂಕಿ ನೋಡಿ ಮೋಸ ಹೋಗಬ್ಯಾಡ್ರಿ,
ಒಂದು ಕಂಪನಿದು ಅಂಕಿ ಏರಿದರ ತಣ್ಣಗ,
ಇನ್ನೊಂದರದು ಏರಿದರ ಬಿಸಿ.
ಇಬ್ಬರನ್ನೂ ಕೂಡಿಸಿ ಕೇಳಾವರಿಲ್ಲ.

ಯಲ್ಲೋಜಿ ಸಾದಾ ನಿಕ್ಕಲಿನ ನಾಕು ತಂದ.
ದಪ್ಪ ತುದಿ, ಗಿಡ್ಡ ಕೊಂಡಿ, ನೂರಾ ಇಪ್ಪತ್ತು ರೂಪಾಯಿ.
ಡಾಕ್ಟರ ಮಾರಿ ಸಣ್ಣದಾತು.
ಸಂದು ಎಂಟು ಇದ್ದದ್ದು ಆರೂವರಿಗೆ ತರಬೇಕು,
ಒತ್ತಡ ಕಿಡೀನ ಊದಿ ಆರಸತೈತಿ;
ಕೋಟೆ ಕೆರಿ ದಂಡ್ಯಾಗ ಬೀಡಿ ಹಚ್ಚಾಂವ
ಅಂಗೈ ಹೆಂಗ ಹತ್ತರ ತರತಾನ, ಹಂಗ.
‘ಕೊಡು’ ಅಂತ ಗೇಜು ಕಸಗೊಂಡರು.
ನಾಕೂ ಪ್ಲಗ್ಗು, ಒಮ್ಮೆ ತಟ್ಟಿ ಒಮ್ಮೆ ನೋಡಿ,
ಮೂವತ್ತು ವರ್ಷದಾಗ ನನಗ ಬರದ ಬೆರಳು.

ಫೌಂಡ್ರಿ ಹಿಂದಿನ ಸೀದಾ ರಸ್ತಾದಾಗ
ಗುಂಡಿ ಒತ್ತಿದರು. ಆರು ಸೆಕೆಂಡು.
ಪೂರಾ ಒತ್ತಿದಾಗಲೇ ಎಂಜಿನ್ ಬಂದ್ ಮಾಡಿ, ಕ್ಲಚ್ ತುಳಿದು, ಉರುಳಕೋತ ಬಂದರು,
ನಾ ಹೇಳಿಕೊಟ್ಟಂಗ.

ಬಿಸಿ ಪ್ಲಗ್ ಅರಿವ್ಯಾಗ ಹಿಡಿದು ಬಿಸಲಿಗೆ ಹೊಳ್ಳಿಸಿದೆ.
ನಾಕೂ ಬೆಳ್ಳಗ, ಚಲೋ ಅಂದೆ.
ಅವರು ಹಣಿ ಮ್ಯಾಲಿನ ಭೂತಗನ್ನಡಿ ಇಳಿಸಿದರು.
‘ಎರಡನೇದು ನೋಡು.’
ನನಗ ಏನೂ ಕಾಣಲಿಲ್ಲ.
‘ಪೊರ್ಸೆಲಿನ್ ಮ್ಯಾಲೆ ಬೆಳ್ಳಿ ಚುಕ್ಕಿ. ಐದು. ಅಲ್ಲ, ಏಳು.’

ಪಿಸ್ಟನ್ ಬೆವರಿತ್ತು.
ನಾ ನೋಡಿದ್ದೆ, ಕಂಡಿದ್ದಿಲ್ಲ.
ಖಾನಾಪುರದ ಹುಡುಗನದೂ ಹಿಂಗೇ ನೋಡಿದ್ದೆನೇನೋ.

ಟೈಮಿಂಗ್ ಎರಡು ಡಿಗ್ರಿ ಹಿಂದ ಸರಸಿದ್ವಿ.
ಬಾಟಲಿ ವಾಲ್ವು ತಾವೇ ತಿರುವಿ ಮುಚ್ಚಿದರು.
‘ನಾಳೆ ಬಾ, ಉಳಿದ ಹಲ್ಲು ನೋಡತೀನಿ,
ಕಣ್ಣಿಗೆ ಬ್ಯಾರೆ ಡಾಕ್ಟರು ಹೇಳತೀನಿ.’

ಇರಿಡಿಯಮ್ ಡಬ್ಬಿ ನನ್ನ ಡ್ರಾದಾಗೇ ಐತಿ.
ಅವು ಕೆಟ್ಟವಲ್ಲ.
ಗಣಿತ ಮಾಸ್ತರ ಗಾಡಿಗೆ ಹಾಕಿದರ
ಲಕ್ಷ ಕಿಲೋಮೀಟರ್ ನಡೀತಾವು.