ಹಳದಿ ಸಾಲು

ದ್ಶಾಂಗ್ ಊರಲ್ಲಿ ಕರೆಂಟು ಹೋದರೆ
ಡೀಸೆಲ್ ಡಬ್ಬಿ ಹಿಡಿದು ಮೊದಲು ಓಡುವವನು ನಾನು.
ಮೂವತ್ತೇಳು ಡಿಗ್ರಿ ಬೆಚ್ಚಗಿರಬೇಕು ಪೆಟ್ಟಿಗೆ,
ಇಲ್ಲದಿದ್ದರೆ ಕ್ಯಾನ್ಸರೂ ಸಾಯುತ್ತದೆ, ಸುಮ್ಮನೆ,
ಯಾರಿಗೂ ಏನೂ ಕಲಿಸದೆ.

ಜುಮೆಸಿ ಅಜ್ಜಿ ತಂದ ತೊಗಟೆ, ಹಳೇ ಪತ್ರಿಕೆಯಲ್ಲಿ ಸುತ್ತಿ.
ಕುಟ್ಟಿದೆವು, ಮೆಥನಾಲಿನಲ್ಲಿ ನೆನೆಹಾಕಿದೆವು ಮೂರು ದಿನ;
ಸೋಸಿ, ಇಂಗಿಸಿ, ಉಳಿದದ್ದು
ಜೋನಿಬೆಲ್ಲದಂಥ ಒಂದು ಚಮಚ ಕಪ್ಪು.

ಡಾಕ್ಟರ್ ಕ್ಲೋತಿಲ್ಡ್ ತೊಂಬತ್ತಾರು ಗುಳಿಗಳ ತಟ್ಟೆಯನ್ನು
ಬೆಳಕಿಗೆ ಹಿಡಿದರು. ನೇರಳೆ ಅಂದರೆ ಬದುಕಿದೆ,
ಹಳದಿ ಅಂದರೆ ಇಲ್ಲ.
ಕೊನೆಯ ಸಾಲು ಪೂರಾ ಹಳದಿ!
ನಾನಿನ್ನೂ ಕೇಕೆ ಹಾಕುವ ಮೊದಲೇ
ಪಕ್ಕದ ತಟ್ಟೆ ಮುಂದೆ ಸರಿಸಿದರು, ರೋಗವಿಲ್ಲದ ಕೋಶಗಳದ್ದು.
ಅದೂ ಹಳದಿ.
"ಕುದಿನೀರೂ ಕೊಲ್ಲುತ್ತದೆ, ತ್ಸಾಗೆ."

ಅಜ್ಜಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು
ಕೋಳಿಗೂಡಿನೊಳಗೆ ಮೊಟ್ಟೆ ಎಣಿಸುವವಳ ಹಾಗೆ
ತುಂಬ ಹೊತ್ತು ಬಗ್ಗಿಯೇ ನಿಂತಳು.
ತೊಗಟೆಯ ಮಾತೇ ಎತ್ತಲಿಲ್ಲ.
"ಇವು ಯಾರವು?" ಅಂದಳು.

ಸೀಸೆಯ ಮೇಲೆ ಒಂದು ನಂಬರು, ಒಂದು ತಾರೀಖು.
"ಯಾರೋ ಒಬ್ಬರದು. ಬಹಳ ಹಿಂದೆ."
"ಅವರ ಮನೆಯವರಿಗೆ ಗೊತ್ತೇ?"
ಡಾಕ್ಟರ್ ಕನ್ನಡಕ ಒರೆಸಿಕೊಂಡರು.

ನಾಳೆ ಮತ್ತೆ ಹತ್ತು ಪಾಲು ತೆಳು, ಆಮೇಲೆ ನೂರು ಪಾಲು.
ಅಜ್ಜಿ ಪತ್ರಿಕೆಯ ಪುಡಿ ಕೊಡವಿ,
ನಾಲ್ಕು ಮಡಿಕೆ ಮಾಡಿ ಬುಟ್ಟಿಗಿಟ್ಟುಕೊಂಡಳು,
ಮುಂದಿನ ತೊಗಟೆಗೆ.