ನೂರ ಹನ್ನೆರಡನೆಯ ಪುಟ

ಗ್ರಂಥಾಲಯದ ಹಿಂದೆ, ಹಳೆಯ ಪೇಪರಿನ ಕಟ್ಟುಗಳಿದ್ದ ಕೋಣೆ.
ಗೋಡೆಗೆ ನಾಲ್ಕು ಕೌದಿ, ಬಾಗಿಲ ಸಂದಿಗೆ
ಬೈತಖೋಲದಿಂದ ಯಾರೋ ತಂದಿತ್ತ ಹರಿದ ಬಲೆಯ ಸುರುಳಿ.
ಫ್ಯಾನು ಹಾಕುವಂತಿಲ್ಲ. ಅದೂ ಜೊತೆಗೆ ಓದುತ್ತದೆ
ಎನ್ನುತ್ತಾನೆ ಉಲ್ಲಾಸ, ಹೆಡ್‌ಫೋನು ಏರಿಸಿ.

ಇಪ್ಪತ್ತೆಂಟು ವರ್ಷ ಕಾರವಾರ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ
ಅಂಕೋಲಾ, ಕುಮಟಾ, ಹೊನ್ನಾವರ ಮಾರ್ಗವಾಗಿ ಎಂದವಳು ನಾನು.
ಊರಿಗೆ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲ;
ಮೀನಿಗೆ ಚೌಕಾಸಿ ಮಾಡುವಾಗ ಮಾತ್ರ
ಒಬ್ಬಿಬ್ಬರು ತಿರುಗಿ ನೋಡುತ್ತಿದ್ದರು.
ಇಲ್ಲಿ ಮೊದಲ ದಿನ ಕೂಗಿಯೇಬಿಟ್ಟೆ.
"ಮಾವ್ಶಿ, ಬಸ್ಸು ಹೊರಟಿಲ್ಲ," ಎಂದ,
"ಕೇಳುವವರು ಒಬ್ಬರೇ. ಹತ್ತಿರವೇ ಕೂತಿದ್ದಾರೆ."

ಆಮೇಲೆ ಕಲಿತೆ: ಅಲ್ಪವಿರಾಮಕ್ಕೆ ಎಷ್ಟು ಉಸಿರು,
ಸಾಲಿನ ಬಾಲ ಎಳೆಯುವ ನನ್ನ ಕೊಂಕಣಿ ನಾಲಗೆಗೆ ಎಷ್ಟು ಲಗಾಮು.
ರೈಲು ಕೂಗಿದರೆ ನಿಲ್ಲುವುದು. ಕಾಗೆ ಕೂಗಿದರೂ.
ಕರೆಂಟು ಹೋದರೆ, ಬಂದ ಮೇಲೆ
ಬಿಟ್ಟ ವಾಕ್ಯದ ಮೊದಲಿಗೇ ಮರಳುವುದು.

"ಪಕ್ಕದ ಚಿತ್ರ ನೋಡಿ" ಎನ್ನುತ್ತದೆ ಪುಸ್ತಕ, ಎಷ್ಟು ಸಲೀಸಾಗಿ!
ನೋಡಿದೆ. ನೋಡಿ ಹೇಳಿದೆ:
ಒಂದು ದೋಣಿ, ಅರ್ಧ ಮರಳಲ್ಲಿ, ಅರ್ಧ ನೀರಲ್ಲಿ.
ಒಳಗೆ ಯಾರೂ ಇಲ್ಲ. ಹುಟ್ಟು ಒಂದೇ.
ಇನ್ನೊಂದನ್ನು ಯಾರೋ ಎರವಲು ಒಯ್ದಿರಬೇಕು ಎಂದೂ ಸೇರಿಸಿದೆ.
ಉಲ್ಲಾಸ ಅದನ್ನು ಅಳಿಸಿದ.

ದೋಣಿಗಳೆಲ್ಲ ದಡದಲ್ಲಿ ಮಲಗುವ ತಿಂಗಳು, ಒಂದು ಫೋನು.
ಮಾಜಾಳಿಯ ರೋಹಿದಾಸ ಹರಿಕಂತ್ರ.
ಸಕ್ಕರೆ ಕಾಯಿಲೆ ಕಣ್ಣು ಒಯ್ದು ಆರು ವರ್ಷವಂತೆ.
"ಬಾಯೋರೆ, ನೂರ ಹನ್ನೆರಡನೆಯ ಪುಟದಲ್ಲಿ ತಡೆದಿರಿ.
ಉಸಿರಿಗಲ್ಲ. ನೀವು ಉಸಿರಿಗೆ ತಡೆಯುವುದು ನನಗೆ ಗೊತ್ತು.
ಅಲ್ಲಿ ಏನಿತ್ತು?"

ತೆಗೆದು ನೋಡಿದೆ. ಇತ್ತು.
ಅವಳು ಅವನನ್ನು ಕ್ಷಮಿಸಿದಳು ಎಂದು ಅಚ್ಚಾದ ಸಾಲಿನ ಪಕ್ಕ
ಪೆನ್ಸಿಲ್ಲಿನ ದುಂಡು ಅಕ್ಷರ:
ಸುಳ್ಳು. ಯಾರೂ ಹೀಗೆ ಕ್ಷಮಿಸುವುದಿಲ್ಲ.
ಅದರ ಕೆಳಗೆ ಬೇರೆ ಕೈ, ನೀಲಿ ಬಾಲ್‌ಪೆನ್ನು:
ನನ್ನವಳು ಕ್ಷಮಿಸಿದಳು.

ಪುಸ್ತಕದ್ದಲ್ಲವಲ್ಲ ಎಂದು ಬಿಟ್ಟಿದ್ದೆ.
ಈಗ ಓದಿದೆ, ಎರಡನ್ನೂ, ಫೋನಿನಲ್ಲಿ, ಮೆಲ್ಲಗೆ.
ಆ ಕಡೆ ಬಹಳ ಹೊತ್ತು ಸಮುದ್ರ,
ಲೈನಿನದೇ ಸದ್ದೂ ಇರಬಹುದು.

"ಎರಡನೆಯವರ ಕೈ ನಡುಗಿದೆಯೇ?"
ಇಲ್ಲ, ಎಂದೆ. ಒತ್ತಿ ಬರೆದಿದ್ದಾರೆ,
ಹಿಂಬದಿಗೆ, ನೂರ ಹನ್ನೊಂದರ ಮೇಲೆ, ಉಬ್ಬಿ ನಿಂತಿದೆ.
"ಹಾಗಾದರೆ ಅಷ್ಟನ್ನು ನಾನೇ ಓದುತ್ತೇನೆ,"
ಎಂದು ಬುಧವಾರದ ಬಸ್ಸಿನ ಹೊತ್ತು ಕೇಳಿದರು.

ಹೇಳಿದೆ, ಹಳೆಯ ದನಿಯಲ್ಲಿ.

ಇವತ್ತು ಬುಧವಾರ.
ರೆಕಾರ್ಡಿಂಗ್ ಇಲ್ಲ. ಫ್ಯಾನು ತಿರುಗುತ್ತಿದೆ.