ತಿದಿಯೊಳಗೆ

ಯಜಮಾನರಿಲ್ವಾ ಅಂದರು, ಬಳೇಪೇಟೆಯಲ್ಲಿ ಎಲ್ಲರೂ ಅನ್ನುವ ಹಾಗೆ.
ನಾನೇ ಅಂದೆ.
ಇಬ್ಬರು ಹಿಡಿದು ಇಳಿಸಿದರು ಕಾಲು ಹಾರ್ಮೋನಿಯಂ ಒಂದನ್ನು,
ದಮ್ಮಿನ ಅಜ್ಜನನ್ನು ವಿಕ್ಟೋರಿಯಾ ಆಸ್ಪತ್ರೆ ಬಾಗಿಲಲ್ಲಿ ಇಳಿಸಿದಂತೆ:
ಎಷ್ಟು ತುಳಿದರೂ ಉಸಿರು ನಿಲ್ಲಲ್ಲ, ನೋಡಿ.

ಹಿಂದಿನ ಹಲಗೆ ಬಿಚ್ಚಿದೆ.
ಜಿರಲೆಯ ಮೊಟ್ಟೆಗೂಡು, ಒಂದು ಹೇರ್‌ಪಿನ್ನು,
ದೊರೆಯ ತಲೆ ಸವೆದ ಕಾಲಾಣೆ,
ತಿದಿಯ ಮಡಿಕೆಗಳಿಗೆ ಮೈದಾ ಗೋಂದಲ್ಲಿ ಮೆತ್ತಿದ
ಐದು ತೇಪೆ. ದಪ್ಪ ಕಾಗದ.
ಕಾಗದದ ತುಂಬ ಐದೈದು ಗೆರೆ,
ಗೆರೆಗೆ ಜೋತುಬಿದ್ದ ಗೊದಮೊಟ್ಟೆಗಳು.
ಆ ಲಿಪಿ ನನಗೆ ಬರದು. ಇಂಗ್ಲಿಷನ್ನು ಕೂಡಿಸಿಕೊಂಡು ಓದಬಲ್ಲೆ.

ಮೊದಲ ಮಡಿಕೆ: ೧೯೦೮, ನ್ಯೂಯಾರ್ಕು.
ಪದವೂ ಮಟ್ಟೂ ವಾಲ್ಟರ್ ಹಾಡ್ಕಿನ್,
ಹೆಸರಲ್ಲೇ ಹಾಡು ಇಟ್ಟುಕೊಂಡ ಮಹರಾಯ,
ಅಕ್ಷರ ಮಾತ್ರ ಸಾಸಿವೆಯಷ್ಟು.
ಎರಡನೆಯದರಲ್ಲಿ ಹೆಸರು ಹಾಡಿಗಿಂತ ದಪ್ಪ,
ಮೊಟ್ಟೆಯಾಕಾರದ ಚೌಕಟ್ಟಲ್ಲಿ ಫೋಟೊ,
ನಡುಬೈತಲೆ, ಕೋಟಿಗೆ ಹೂ,
ಐದು ಲಕ್ಷ ಪ್ರತಿ ಖರ್ಚಾಗಿದೆ ಎಂಬ ಜಂಬ.
ಮೂರನೆಯದು ಯುದ್ಧದ ವರ್ಷ:
ಬಾಗಿಲಲ್ಲಿ ತಾಯಿ, ಟೋಪಿ ಬೀಸುವ ಸಿಪಾಯಿ.
ನಾಲ್ಕನೆಯದರಲ್ಲಿ ಸಾಲನ್ನು ಇನ್ನಿಬ್ಬರ ಜೊತೆ ಹಂಚಿಕೊಂಡಿದ್ದಾನೆ,
ಮದುವೆಮನೆಯ ಕೊನೇ ಪಂಕ್ತಿಯಲ್ಲಿ ಒತ್ತಿ ಕೂತವನ ಹಾಗೆ.
ಐದನೆಯದಕ್ಕೆ ಇಸವಿಯಿಲ್ಲ. ಅರ್ಧ ಹೆಸರು ಗೋಂದಿನಡಿ.

ಮನುಷ್ಯನ ಬದುಕನ್ನು ಅಚ್ಚಿನ ಮೊಳೆಯ ಅಳತೆಯಲ್ಲಿ ಓದಬಾರದು.
ಆದರೂ ಓದಿದೆ. ಬೇರೇನೂ ಸಿಕ್ಕಿರಲಿಲ್ಲ.
ಯಾರ ಅಂಗಡಿಯ ಪಿಯಾನೋ ಮುಂದೆ ಕೂತು ಮಟ್ಟು ಮಾರಿದನೋ,
ಒಂದೇ ಸಲಕ್ಕೆ ದುಡ್ಡು ಎಣಿಸಿಕೊಂಡು ಹಕ್ಕು ಬರೆದುಕೊಟ್ಟನೋ,
ಗ್ರಾಮಫೋನು ಬಂದು ಕಾಗದದ ಹಾಡು ಯಾರಿಗೂ ಬೇಡವಾದಾಗ
ಮಕ್ಕಳಿಗೆ ಪಾಠ ಹೇಳಿದನೋ, ಕುಡಿದನೋ.
ಇದೆಲ್ಲ ನಾನು ಕಟ್ಟಿದ್ದು. ಕಾಗದ ಹೇಳಿದ್ದಲ್ಲ.

ಕಾಗದ ಹೇಳಿದ್ದು ಇಷ್ಟು: ಎರಡನೇ ತೇಪೆಯ ಅಂಚಲ್ಲಿ
ಪೆನ್ಸಿಲ್ಲಿನ ಕನ್ನಡ, ಬಾಗಿದ ಕೈಬರಹ:
‘ದಂಡಿನ ಬ್ಯಾಂಡಿನ ಅರುಳಪ್ಪ ಊದಿ ತೋರಿಸಿದ್ದು. ಎರಡಾಣೆ ಕೊಟ್ಟೆ.
ರಾಣಿ ಮಸಣದಲ್ಲಿ ಅಳುವಾಗ ಇದೇ ಮಟ್ಟು. ಇನ್ನೂ ನಿಧಾನ.’
ಕೆಳಗೆ ಸ್ವರ. ಅದರ ಕೆಳಗೆ ರುಜು: ಪೇಟಿ ಮಾಸ್ತರ್ ನಂಜಾಚಾರಿ.
ಪಕ್ಕದಲ್ಲಿ ‘ವನ್ಸ್ ಮೋರ್’ ಎಂದು ಬರೆದು ಹನ್ನೊಂದು ಗೀಟು.
ಮೇಲಿನ ಇಂಗ್ಲಿಷು ಕೂಡಿಸಿದೆ:
ಟೆಲಿಫೋನು ಹುಡುಗೀ, ನನ್ನ ನಂಬರು ಮರೀಬೇಡ.

ಒಬ್ಬಳೇ ನಕ್ಕೆ. ಆಮೇಲೆ ನಗು ಬರಲಿಲ್ಲ.
ಹಾಡ್ಕಿನ್ನನಿಗೆ ಯಾರು ತಾನೇ ಹೇಳಿರಬೇಕು,
ಅವನ ಟೆಲಿಫೋನು ಹುಡುಗಿ
ಕಲಾಸಿಪಾಳ್ಯದ ಯಾವುದೋ ತಗಡಿನ ಕೊಟ್ಟಿಗೆಯಲ್ಲಿ
ಗ್ಯಾಸ್‌ಲೈಟಿನ ಕೆಳಗೆ, ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತಳೆಂದು,
ಜನ ಕೂಗಿ ಕೂಗಿ
ಹನ್ನೊಂದು ಸಲ ಅವಳನ್ನು ಮೊದಲಿಂದ ಅಳಿಸಿದರೆಂದು?
ಅರುಳಪ್ಪನಿಗಾದರೂ ಎರಡಾಣೆ ಸಿಕ್ಕಿತು.

ಗೂಡಿನಿಂದ ಚಿಕ್ಕ ಪೆಟ್ಟಿಗೆ ಇಳಿಸಿ ಆ ಸ್ವರ ನುಡಿಸಿದೆ.
ಪಕ್ಕದ ಡೋಲಿನಂಗಡಿಯ ಖಲಂದರ್ ಸಾಬರು
ಚರ್ಮ ಎಳೆಯುವುದು ನಿಲ್ಲಿಸಿ ಇಣುಕಿದರು:
ಯಾವ ಪಿಕ್ಚರ್ದಮ್ಮ ಅದು?

ನಾಲ್ಕು ತೇಪೆ ಬಿಸಿನೀರಿಗೆ ಬಿಟ್ಟವು. ಮೇಕೆ ಚರ್ಮ ಹಾಕಿದೆ.
ಕಾಗದ ಹಗ್ಗಕ್ಕೆ ನೇತುಹಾಕಿದ್ದೇನೆ; ಫೋಟೊದ ಮೂಗು ಕರಗಿಹೋಯಿತು, ಹೂ ಇದೆ.
ಐದನೆಯದು ಬಿಡಲಿಲ್ಲ. ಬಿಡಿಸಲೂ ಇಲ್ಲ ನಾನು.
ಮೇಣದಬತ್ತಿ ಹಿಡಿದು ನೋಡಿದೆ, ಉರಿ ಅಲ್ಲಾಡಲಿಲ್ಲ.
ತುಳಿದರೆ ಅರ್ಧ ಹೆಸರು ಉಬ್ಬುತ್ತದೆ, ಇಳಿಯುತ್ತದೆ.

ಬಿಲ್ಲಿನಲ್ಲಿ ಐದು ಎಂದೇ ಬರೆದೆ.